ಹಿಡಿತಕ್ಕೆ ಸಿಕ್ಕ ಎಣ್ಣೆ

ವಾಡಿ, ಸೇಡಂ ಸುತ್ತಿನ ಸುಣ್ಣಕಲ್ಲಿನ ಗಣಿಗಳಲ್ಲಿ ಬ್ಲಾಸ್ಟಿಂಗ್ ಮುಗಿದು ಧೂಳು ಕೂತ ಮೇಲೆ ಲೋಡರ್ ಕೆಲಸ ಶುರುವಾಗುತ್ತದೆ. ಆಪರೇಟರ್ ಲಿವರ್ ಎಳೆದರೆ ಟನ್ನುಗಟ್ಟಲೆ ಕಲ್ಲು ತುಂಬಿದ ಬಕೆಟ್ ಮೇಲೇಳುತ್ತದೆ. ಕೈಬಿಟ್ಟರೆ ಎದ್ದಲ್ಲೇ ನಿಲ್ಲುತ್ತದೆ. ಎತ್ತುವುದಕ್ಕಿಂತ ಹೀಗೆ ನಿಲ್ಲಿಸುವುದೇ ಕಷ್ಟ. ಎತ್ತುವ ಬಲ 18ನೇ ಶತಮಾನದಲ್ಲೇ ಸಿಕ್ಕಿತ್ತು. ಅದನ್ನು ತಡೆಯುವುದು, ಹೊತ್ತು ನೋಡಿ ಬಿಟ್ಟುಕೊಡುವುದು ಕರಗತವಾಗಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟಕ್ಕಷ್ಟೇ ಹರಡುತ್ತದೆ ಎಂದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಈ ಮಾತಿರುವ ಅವನ ಗ್ರಂಥ ಅಚ್ಚಾಯಿತು. ಲಂಡನ್ನಿನಲ್ಲಿ ಬೀಗ ಮಾಡುತ್ತಿದ್ದ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ತತ್ವದ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಆದರೆ ಪಿಸ್ಟನ್ ಸುತ್ತ ಬಿಗಿ ಮಾಡಿದರೆ ಅದು ಸಿಕ್ಕಿಬೀಳುತ್ತಿತ್ತು, ಸಡಿಲ ಬಿಟ್ಟರೆ ನೀರು ಸೋರುತ್ತಿತ್ತು. ಅವನ ಕಾರ್ಖಾನೆಯ ಹೆನ್ರಿ ಮಾಡ್ಸ್‌ಲಿ ಬಟ್ಟಲಿನಾಕಾರದ ತೊಗಲಿನ ಪಟ್ಟಿ ಕೂರಿಸಿದ ಎನ್ನುತ್ತಾರೆ. ಒತ್ತಡ ಏರಿದಾಗ ತೊಗಲು ಅರಳಿ ಬಿಗಿಯಾಗುತ್ತದೆ, ಇಳಿದಾಗ ಸಡಿಲವಾಗುತ್ತದೆ. ಸೋರಿಸುತ್ತಿದ್ದ ಒತ್ತಡವೇ ಸೋರಿಕೆಯನ್ನೂ ತಡೆಯಿತು.

ನ್ಯೂಕ್ಯಾಸಲ್‌ನ ವಕೀಲ ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ಊರಿನ ನಲ್ಲಿ ನೀರಿನ ಒತ್ತಡದಿಂದಲೇ ನಡೆಯುವ ಕ್ರೇನ್ ಸ್ಥಾಪಿಸಿದ. ಅಲ್ಲಿ ಹೊಸ ತೊಡಕು ಎದುರಾಯಿತು. ನೀರು ಕುಗ್ಗುವುದಿಲ್ಲ, ತೂಗುತ್ತಿರುವ ಭಾರವನ್ನು ವಾಲ್ವ್ ಮುಚ್ಚಿ ತಟ್ಟನೆ ನಿಲ್ಲಿಸಿದರೆ ಆ ಹೊಡೆತ ಪೂರ್ತಿ ಕಬ್ಬಿಣಕ್ಕೆ ಬೀಳುತ್ತದೆ. ಅವನು ಸಿಲಿಂಡರ್ ಪಕ್ಕದಲ್ಲಿ ಪುಟ್ಟ ಪರಿಹಾರ ವಾಲ್ವ್‌ಗಳನ್ನಿಟ್ಟ. ಹೊಡೆತ ಬಿದ್ದಾಗ ಅವು ತೆರೆದು ನೀರಿಗೆ ದಾರಿ ಬಿಡುತ್ತಿದ್ದವು. ಆ ಕ್ರೇನ್ ನಡೆಸುತ್ತಿದ್ದವನಿಗೆ ಜನ ‘ಹೈಡ್ರಾಲಿಕ್ ಜಾಕ್’ ಎಂದೇ ಹೆಸರಿಟ್ಟಿದ್ದರು. ಲಿವರ್‌ಪೂಲ್ ಬಂದರಿನ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ ನಂಬಿಕೆಯಿಲ್ಲದೆ ನೋಡಲು ಬಂದವನು. ಭಾರವನ್ನು ರಭಸದಿಂದ ಇಳಿಸಿ ಮೆತ್ತಗೆ ನಿಲ್ಲಿಸುವ ಜಾಕ್‌ನ ಕೈಚಳಕ ಕಂಡು ಮನಸ್ಸು ಬದಲಿಸಿದ.

ನೀರಿನ ಬದಲು ಎಣ್ಣೆಯಿಂದ ನಡೆಯುವ ಇಂದಿನ ಲೋಡರ್‌ನಲ್ಲಿ ಆ ಕೈಚಳಕ ಕೂತಿರುವುದು ಕಂಟ್ರೋಲ್ ವಾಲ್ವ್‌ನೊಳಗೆ. ಎರಕದ ಗಟ್ಟಿಯಲ್ಲಿ ಕೊರೆದ ನೇರ ರಂಧ್ರ, ಅದರೊಳಗೆ ಅಲ್ಲಲ್ಲಿ ಸೊಂಟ ಸಣ್ಣ ಮಾಡಿದ ಉಕ್ಕಿನ ಸರಳು. ಅದೇ ಸ್ಪೂಲ್. ಲಿವರ್ ಎಳೆತಕ್ಕೆ ಸ್ಪೂಲ್ ಒಂದು ಬದಿಗೆ ಸರಿದರೆ ಪಂಪಿನ ಎಣ್ಣೆ ಸಿಲಿಂಡರ್‌ನ ಕೆಳತುದಿಗೆ ಹೋಗಿ ಬಕೆಟ್ ಏರುತ್ತದೆ, ಮೇಲ್ತುದಿಯ ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ಇನ್ನೊಂದು ಬದಿಗೆ ಸರಿದರೆ ಇದು ತಿರುಗುಮುರುಗು. ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತಂದು ಎರಡೂ ದಾರಿ ಮುಚ್ಚುತ್ತದೆ. ಎಣ್ಣೆಯ ಒತ್ತಡ ಸ್ಪೂಲ್‌ನ ಸುತ್ತಲೂ ಸಮನಾಗಿ ಬೀಳುವುದರಿಂದ ಇಷ್ಟು ಬಲವನ್ನು ಆಳಲು ಮಣಿಕಟ್ಟಿನ ಶಕ್ತಿ ಸಾಕು. ‘ಫ್ಲೋಟ್’ ಎಂಬ ಇನ್ನೊಂದು ಸ್ಥಾನವಿದೆ. ಅಲ್ಲಿ ಸಿಲಿಂಡರ್‌ನ ಎರಡೂ ತುದಿ ಟ್ಯಾಂಕಿಗೆ ತೆರೆದಿರುತ್ತವೆ. ಚಿತ್ತಾಪುರ, ಶಹಾಬಾದ್ ಕಡೆಯ ಪದರಗಲ್ಲಿನ ನೆಲದ ಏರಿಳಿತಕ್ಕೆ ತಕ್ಕಂತೆ ಬಕೆಟ್ ತಾನೇ ಮಣಿಯುತ್ತ ಸಾಗುತ್ತದೆ.

ಬಕೆಟ್ ಅಲುಗದ ಬಂಡೆಗೆ ಸಿಕ್ಕಿಕೊಂಡರೆ? ಪಂಪ್ ಎಣ್ಣೆ ತಳ್ಳುತ್ತಲೇ ಇರುತ್ತದೆ, ಒತ್ತಡ 200 ಬಾರ್ ದಾಟಿ ಏರುತ್ತದೆ. ಆಗ ಹೋಸ್ ಒಡೆಯದಂತೆ ಕಾಯುವುದು ರಿಲೀಫ್ ವಾಲ್ವ್. ಬರೀ ಸ್ಪ್ರಿಂಗ್ ಇಟ್ಟ ಹಳೆಯ ವಾಲ್ವ್ ಪಟಪಟ ಬಡಿದುಕೊಳ್ಳುತ್ತಿತ್ತು. ಎಣ್ಣೆ ಹೆಚ್ಚು ನುಗ್ಗಿದಷ್ಟೂ ಒತ್ತಡ ಮಿತಿ ಮೀರುತ್ತಿತ್ತು. ಅಮೆರಿಕದ ಹ್ಯಾರಿ ವಿಕರ್ಸ್ 1930ರ ದಶಕದಲ್ಲಿ ದೊಡ್ಡ ವಾಲ್ವ್‌ನ ಕಾವಲಿಗೆ ಚಿಕ್ಕದೊಂದನ್ನು ನೇಮಿಸಿದ. ಮಿತಿ ಮುಟ್ಟಿದಾಗ ಮೊದಲು ಚಿಕ್ಕದು ತೆರೆಯುತ್ತದೆ. ಅದರಿಂದ ದೊಡ್ಡದರ ಬೆನ್ನಿನ ಒತ್ತಡ ಇಳಿದು ಅದೂ ತೆರೆಯುತ್ತದೆ. ಗಣಿಯಲ್ಲಿ ಎಂಜಿನ್ ಸದ್ದು ಭಾರವಾಗಿ ‘ಸುಂಯ್’ ಎಂಬ ಕೀರಲು ದನಿ ಕೇಳಿದರೆ, ಬಲ ಸಾಕಾಯಿತು, ಹಿಂದೆ ಸರಿ ಎಂದು ಆಪರೇಟರ್‌ಗೆ ತಿಳಿಯುತ್ತದೆ.

ಕರ್ನಾಟಕದಲ್ಲೂ ಈ ವಿದ್ಯೆ ನೆಲೆಯೂರಿತು. ಕೆಜಿಎಫ್‌ನಲ್ಲಿ ಬೆಮೆಲ್ ಮಣ್ಣೆತ್ತುವ ಯಂತ್ರ ಕಟ್ಟಿತು. ಜಪಾನಿನ ಸಹಯೋಗದ ಯೂಕೆನ್ ಇಂಡಿಯಾ 1976ರಲ್ಲಿ ಹುಟ್ಟಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ವಾಲ್ವ್ ತಯಾರಿಸಿತು. ಇಂಥ ಯಂತ್ರಗಳಿಗೆ ಕೆಲಸ ಕೊಡುವ ಎಸಿಸಿ ಸಿಮೆಂಟ್ 1968ರಲ್ಲೇ ವಾಡಿಗೆ ಬಂದಿತ್ತು. ಮುಂದೆ ಮಳಖೇಡ, ಸೇಡಂ, ಚಿಂಚೋಳಿ ಕಡೆಗೂ ಸಿಮೆಂಟ್ ಹಬ್ಬಿತು.

ಇಲ್ಲಿನ ಗಣಿಗಳಲ್ಲಿ ಕಂಟ್ರೋಲ್ ವಾಲ್ವ್‌ಗೆ ಶತ್ರು ಧೂಳು. ಸ್ಪೂಲ್‌ಗೂ ರಂಧ್ರಕ್ಕೂ ನಡುವೆ ಬಿಟ್ಟಿರುವ ಸಂದು ಕೆಲವೇ ಮೈಕ್ರಾನ್. ಕೂದಲೆಳೆಗಿಂತ ಎಷ್ಟೋ ಸಣ್ಣದು. ಸವೆದ ಸೀಲ್‌ನಿಂದಲೋ ಎಣ್ಣೆ ಹಾಕುವಾಗ ತೆರೆದಿಟ್ಟ ಮುಚ್ಚಳದಿಂದಲೋ ಸುಣ್ಣಕಲ್ಲಿನ ಪುಡಿ ಒಳಹೊಕ್ಕರೆ, ಕೈಬಿಟ್ಟರೂ ಸ್ಪೂಲ್ ನಡುವಿಗೆ ಬರುವುದಿಲ್ಲ. ಗೀರು ಬಿದ್ದರೆ ಎತ್ತಿ ನಿಲ್ಲಿಸಿದ ಬಕೆಟ್ ಮೆಲ್ಲಗೆ ಕುಸಿಯುತ್ತದೆ. ಹಾಗೆಂದು ಸಂದನ್ನೇ ಇಲ್ಲದಂತೆ ಮಾಡಿದರೆ ಬ್ರಾಮಾನ ಪಿಸ್ಟನ್ನಿನ ಹಾಗೆ ಸ್ಪೂಲೂ ಸಿಕ್ಕಿಬೀಳುತ್ತದೆ. ಸರಿಯಬೇಕಾದರೆ ಒಂದಿಷ್ಟು ಸೋರಲೇಬೇಕು. ಅದಕ್ಕೇ ಮೆಕ್ಯಾನಿಕ್‌ಗಳು ವಾಲ್ವ್ ಎಷ್ಟೇ ಹೊಸದಿರಲಿ, ಬೂಮ್‌ಗೆ ಉಕ್ಕಿನ ಆಧಾರ ಕೊಡದೆ ಎತ್ತಿದ ಬಕೆಟ್‌ನ ಕೆಳಗೆ ಯಾರೂ ಹೋಗಬಾರದು ಎನ್ನುವುದು.