ಎರಡನೇ ಲೈನ್ ಬೇರೆ ದಾರಿಯಲ್ಲಿ ಬರಲಿ



ಸಂಘದ ಲೆಕ್ಕಪತ್ರ, ಬ್ಯಾಂಕ್ ಸಾಲದ ಅರ್ಜಿ ಎಲ್ಲಾ ಈಗ ಇಂಟರ್ನೆಟ್ಟಿನಲ್ಲೇ. ಒಕ್ಕೂಟದ ಕಚೇರಿಯಲ್ಲಿ ಲೈನ್ ಹೋಯಿತೆಂದರೆ, ಅರ್ಜಿ ಹಾಕಲು ಒಂದು ದಿನದ ಕೂಲಿ ಬಿಟ್ಟು ಬಂದವರು ಸುಮ್ಮನೆ ವಾಪಸ್ ಹೋಗಬೇಕು. "ಹಾಗಾದ್ರೆ ಇನ್ನೊಂದು ಕನೆಕ್ಷನ್ ಹಾಕಿಸೋಣ್ವಾ ಸಿಸ್ಟರ್?" ಎಂದು ನೀವು ಕೇಳುತ್ತೀರಿ. ಹಾಕಿಸಿ. ಆದರೆ ಅದು ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲು ನೋಡಿ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್ಲುಗಳು ಒಂದೇ ದಿನ ತುಂಡಾದವು. ಮಾಲೀಕರು ಬೇರೆ ಬೇರೆ, ಹಾದುಹೋಗುವ ಜಾಗ ಮಾತ್ರ ಹತ್ತಿರ ಹತ್ತಿರ. ಭಾರತದಲ್ಲಿ ಇಂಟರ್ನೆಟ್ ತೀರಾ ನಿಧಾನವಾಯಿತು. ಪೂರ್ವದ ಕಡೆಯ ಕೇಬಲ್ಲೂ ಇದ್ದವರು ಅದರಲ್ಲಿ ಸುಧಾರಿಸಿಕೊಂಡರು. ನಮ್ಮೂರುಗಳಲ್ಲೂ ಇದೇ ಕಥೆ. ಎರಡು ಕಂಪನಿಯ ಫೈಬರ್ ಒಂದೇ ಕಂಬದಲ್ಲಿ ಬಂದರೆ ಒಂದು ಮರದ ಕೊಂಬೆ ಸಾಕು, ಇಲ್ಲವೇ ರಸ್ತೆ ಅಗೆಯುವ ಒಂದು ಜೆಸಿಬಿ!

ಆದ್ದರಿಂದ ಮೊದಲನೆಯದು ಫೈಬರ್ ಆದರೆ ಎರಡನೆಯದು ಸಿಮ್ ಹಾಕುವ 4ಜಿ ಇರಲಿ, ಅದೂ ಬೇರೆ ಕಂಪನಿಯದು. ಟವರಿಗೂ ನೆಲದ ಕೇಬಲ್ ಬಂದಿರಬಹುದಲ್ಲ! ಕಂಪನಿ ಆರಿಸುವಾಗ ಸ್ಪೀಡ್ ಎಷ್ಟು ಎಂದಷ್ಟೇ ಕೇಳಬೇಡಿ. ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿಗೆ ಬರುತ್ತಾರೆ ಎಂದು ಪಕ್ಕದ ಅಂಗಡಿಯವರನ್ನು, ಬ್ಯಾಂಕಿನವರನ್ನು ವಿಚಾರಿಸಿ. ನಮ್ಮ ಮಟ್ಟಿಗೆ ಅದೇ ಮುಖ್ಯ. ಕರೆಂಟ್ ಹೋದರೆ ಫೈಬರ್ ಪೆಟ್ಟಿಗೆಯೂ ನಿಲ್ಲುತ್ತದೆ, ಅದಕ್ಕೆ ಯುಪಿಎಸ್ ಬೇಕು.

ಇನ್ನು ಫೈರ್‌ವಾಲ್. ಜಗಲಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ವಿಚಾರಿಸುವ ಅಜ್ಜಿ ಇದ್ದ ಹಾಗೆ ಅದು. ಲೈನ್ ಹೋದಾಗ ಯಾರೋ ಮೊಬೈಲ್ ಹಾಟ್‌ಸ್ಪಾಟಿಗೆ ಕಂಪ್ಯೂಟರ್ ಸೇರಿಸಿದರೆ, ಅಜ್ಜಿಯ ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲು ತೆರೆದಂತೆ. ಸದಸ್ಯರ ಖಾತೆ ನಂಬರು, ಆಧಾರ್ ವಿವರ ಇರುವ ಕಂಪ್ಯೂಟರ್ ಅದು, ನೆನಪಿರಲಿ. ಎರಡೂ ಲೈನ್ ಫೈರ್‌ವಾಲಿಗೇ ಬಂದು ಸೇರಬೇಕು, ಎರಡಕ್ಕೂ ಒಂದೇ ನಿಯಮ ಇರಬೇಕು. ಕೊಳ್ಳುವಾಗಲೇ "ಎರಡು ಇಂಟರ್ನೆಟ್ ಲೈನ್ ತಗೊಳ್ಳುತ್ತಾ, ಒಂದು ಹೋದ್ರೆ ತಾನಾಗಿ ಇನ್ನೊಂದಕ್ಕೆ ಹೋಗುತ್ತಾ?" ಎಂದು ಕೇಳಿ. ಮೋಡೆಮ್ಮಿನ ದೀಪ ಉರಿಯುತ್ತಿದ್ದರೂ ಆಚೆ ಇಂಟರ್ನೆಟ್ ಇಲ್ಲದಿರಬಹುದು. ಆದ್ದರಿಂದ ಹೊರಗಿನ ವಿಳಾಸವೊಂದನ್ನು ಮುಟ್ಟಿ ನೋಡುವಂತೆ ಅದನ್ನು ಸೆಟ್ ಮಾಡಿಸಿ.

ತಿಂಗಳ ಸಭೆಯ ದಿನ ಫೈಬರ್ ಲೈನಿನ ವೈರನ್ನು ಫೈರ್‌ವಾಲಿನಿಂದ ಕಿತ್ತು, ಕೆಲಸ ನಡೆಯುತ್ತದಾ ನೋಡಿ. ಸಿಮ್ ರೀಚಾರ್ಜ್ ಮುಗಿಯುವ ತಾರೀಕನ್ನು ನಡಾವಳಿ ಪುಸ್ತಕದಲ್ಲೇ ಬರೆದಿಡಿ.