ಗದ್ದೆಯ ತನಾಕನಿಗೆ ದೊರೆಯ ‘ದೆಸು’

ಜಪಾನಿ ಕಲಿಯಲು ಕೂತ ಮೊದಲ ದಿನವೇ ಬಾಯಿಪಾಠ ಮಾಡಿಸಿದ ಮಾತು: ‘ವತಾಶಿ ವ ತನಾಕ ದೆಸು’. ನಾನು ತನಾಕ, ಅಷ್ಟೇ ಅರ್ಥ. ಕೊನೆಯ ‘ಸು’ವನ್ನು ನಾನು ಹಸು, ಕೂಸು ಎನ್ನುವ ಹಾಗೆ ತುಂಬಿ ಹೇಳಿದೆ. ಮೇಷ್ಟ್ರು ನಕ್ಕರು. ಆ ಉಕಾರವನ್ನು ಜಪಾನಿಯರು ನುಂಗಿಬಿಡುತ್ತಾರೆ, ಕಿವಿಗೆ ಬೀಳುವುದು ‘ದೆಸ್’. ಕನ್ನಡದಲ್ಲಿ ‘ನಾನು ತನಾಕ’ ಎಂದರೆ ಮುಗಿಯಿತಲ್ಲ, ಇವರಿಗೇಕೆ ಈ ಬಾಲ? ಹುಡುಕಹೊರಟವನು ಹೋಗಿ ನಿಂತದ್ದು ರಂಗದ ಮುಂದೆ.

ಕ್ಯೋಗೆನ್ ಜಪಾನಿನ ಹಳೆಯ ನಗೆನಾಟಕ. ಗಂಭೀರವಾದ ‘ನೋ’ ನಾಟಕಗಳ ನಡುವೆ ಆಡುವಂಥದ್ದು. ಪಾತ್ರ ಬಂದೊಡನೆ ತಾನಾರೆಂದು ಹೇಳಿಕೊಳ್ಳಬೇಕು. ಅದಕ್ಕೆ ‘ನನೋರಿ’ ಎನ್ನುತ್ತಾರೆ. ಸಾಮಾನ್ಯರು ‘ದೆ ಗೊಝಾರು’ ಎಂದು ತಗ್ಗಿ ಮುಗಿಸುತ್ತಾರೆ. ಬೆನ್ನಿಗೆ ಒಬ್ಬನೇ ಆಳಿದ್ದರೂ ಜಂಬಕ್ಕೆ ಕಡಿಮೆಯಿಲ್ಲದ ದೈಮ್ಯೋ, ಅಂದರೆ ಪಾಳೇಗಾರ, ಎದೆ ಸೆಟೆಸಿ ಹೇಳುವುದು ‘ದೆಸು’!

ಆಮೇಲೆ ಜಾಡು ತೆಳುವಾಗುತ್ತದೆ. ಎದೋ ಕಾಲದ ಕೊನೆಗೆ ಮತ್ತೆ ಕೇಳಿಸುವಾಗ ಅದು ಗೇಯ್ಶಾಗಳ ಮಾತು. ಮರ್ಯಾದಸ್ಥರು ಮೂಗು ಮುರಿಯುವಂಥದ್ದು. ಇದು ಪಾಳೇಗಾರನ ‘ದೆಸು’ವೇ, ‘ದೆ ಗೊಝಾಯಿಮಸು’ ಸವೆದು ಬೇರೆಯಾಗಿ ಹುಟ್ಟಿದ್ದೇ ಎಂಬುದರಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ನನ್ನ ಓಟು ಪಾಳೇಗಾರನಿಗೆ. ಪುರಾವೆ ಕೇಳಬೇಡಿ, ಅದು ಬರೀ ಆಸೆ.

ಮೇಜಿ ಕಾಲದಲ್ಲಿ ಆಡುಮಾತಿನಲ್ಲಿ ಬರೆಯುವ ಹುಮ್ಮಸ್ಸು ಹುಟ್ಟಿತು. ಕಾದಂಬರಿಕಾರ ಫುತಾಬತೇಯಿ ಶಿಮೇಯಿ ವಾಕ್ಯವನ್ನು ‘ದ’ ಎಂದು ಒರಟಾಗಿ ಮುಗಿಸಿದ. ಯಮಾದ ಬಿಮ್ಯೋ ‘ದೆಸು’ ಹಿಡಿದ. 1904ರ ಸರ್ಕಾರಿ ಪಠ್ಯಪುಸ್ತಕಗಳಲ್ಲಿ ‘ದೆಸು’ ಮಕ್ಕಳ ಬಾಯಿಗೂ ಬಂತು.

ಇನ್ನು ತನಾಕ. ಹಾಗೆಂದರೆ ‘ಗದ್ದೆಯ ನಡು’. 1870ಕ್ಕೆ ಮುಂಚೆ ರೈತನಿಗೆ ಮನೆಯೊಳಗೆ ಕುಲನಾಮವಿದ್ದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹಕ್ಕು ಸಾಮಾನ್ಯವಾಗಿ ಇರಲಿಲ್ಲ. ಆ ವರ್ಷ ಸರ್ಕಾರ ಅನುಮತಿ ಕೊಟ್ಟಿತು. ಹೆಚ್ಚು ಜನ ಮುಂದೆ ಬರಲಿಲ್ಲ. 1875ರಲ್ಲಿ ಕುಲನಾಮ ಕಡ್ಡಾಯವಾಯಿತು. ಕಡ್ಡಾಯ ಸೈನ್ಯಸೇವೆಗೆ ಗಂಡಸರ ಪಟ್ಟಿ ಬೇಕಿತ್ತು.

ಅಂದರೆ, ನಾವು ಮೊದಲ ದಿನವೇ ಒಪ್ಪಿಸುವ ಈ ಬಡಪಾಯಿ ವಾಕ್ಯವನ್ನು ಗದ್ದೆಯ ತನಾಕ ಊರೆದುರು ಹೇಳಲು ಎರಡು ಕಾಯಿದೆ ಬೇಕಾದವು. ಪಠ್ಯಪುಸ್ತಕದ ತನಾಕನೋ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಂಪನಿ ನೌಕರ. ಅವನ ಬಾಯಲ್ಲಿ ಪಾಳೇಗಾರನೂ ಇಲ್ಲ, ಗೇಯ್ಶಾಳೂ ಇಲ್ಲ. ಇಷ್ಟು ಚೆಂದದ ಪದವನ್ನು ಇಷ್ಟು ಸಪ್ಪೆಯಾಗಿ ಕಲಿಸುತ್ತಾರಲ್ಲ ಎಂದು ನನಗೆ ಸಿಟ್ಟು.

ಮುಂದಿನ ತರಗತಿಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಾಗ ಎದೆ ಸೆಟೆಸಿಯೇ ಹೇಳಿದೆ. ‘ಸು’ ಮಾತ್ರ ನುಂಗಲಿಲ್ಲ.