ಮೂರು ವಾರ, ಮೂವರು ಹುಡುಗರು, ಎರಡು ಕೋಟಿ ಪ್ರತಿ

ಗ್ರೀನ್ ಡೇ ಬ್ಯಾಂಡಿನ ‘ಡೂಕಿ’ 1994ರ ಫೆಬ್ರವರಿ 1ರಂದು ಹೊರಬಂತು. ಪಾಪ್-ಪಂಕ್ ಸಂಗೀತವನ್ನು ಜಗತ್ತಿನ ಕಿವಿಗೆ ಮುಟ್ಟಿಸಿದ ಈ ಆಲ್ಬಂ, ತನ್ನನ್ನು ಹೆತ್ತವರಿಗೆ ತವರಿನ ಬಾಗಿಲನ್ನೇ ಮುಚ್ಚಿಸಿತು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ, 924, ಗಿಲ್ಮನ್ ಸ್ಟ್ರೀಟ್. ಹೊರಗಿನಿಂದ ನೋಡಿದರೆ ಸಾದಾ ಗೋದಾಮು. 1986ರ ಕೊನೆಯ ರಾತ್ರಿ ಇಲ್ಲಿ ಮೊದಲ ಸಂಗೀತ ಕಾರ್ಯಕ್ರಮ ನಡೆಯಿತು. ಕುಡಿತವಿಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟವಿಲ್ಲ. ಬಣ್ಣ ನೋಡಿ ದ್ವೇಷಿಸುವವರಿಗೆ, ಹೆಣ್ಣನ್ನು ಹೀಗಳೆಯುವವರಿಗೆ, ಸಲಿಂಗಿಗಳನ್ನು ಅಣಕಿಸುವವರಿಗೆ ಜಾಗವಿಲ್ಲ. ನಡೆಸುವವರು ಸ್ವಯಂಸೇವಕರು. ಹೈಸ್ಕೂಲು ಮಕ್ಕಳೂ ಒಳಗೆ ಬರಬಹುದು, ಧೈರ್ಯವಿದ್ದರೆ ವೇದಿಕೆಯನ್ನೂ ಹತ್ತಬಹುದು. ಇವೆಲ್ಲದರ ಜೊತೆ ಇನ್ನೊಂದು ನಿಯಮವಿತ್ತು: ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಡ್‌ಗೆ ಇಲ್ಲಿ ಅವಕಾಶವಿಲ್ಲ.

ಗ್ರೀನ್ ಡೇ ಬೆಳೆದದ್ದು ಈ ಗೋದಾಮಿನಲ್ಲಿ.

ಬ್ಯಾಂಡಿನ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಬೆಳೆದದ್ದು ತೈಲ ಶುದ್ಧೀಕರಣ ಕಾರ್ಖಾನೆಯ ಊರಾದ ರೋಡಿಯೊ ಕಡೆ. ಲಾರಿ ಓಡಿಸುತ್ತ ಜಾಝ್ ನುಡಿಸುತ್ತಿದ್ದ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹುಡುಗನಿಗೆ 10 ವರ್ಷ. ತಾಯಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಳು. ಬ್ಯಾಂಡಿನ ಮೊದಲ ಕಾರ್ಯಕ್ರಮ 1987ರಲ್ಲಿ ನಡೆದದ್ದೂ ಅದೇ ಹೋಟೆಲಿನಲ್ಲಿ, ‘ಸ್ವೀಟ್ ಚಿಲ್ಡ್ರನ್’ ಎಂಬ ಹೆಸರಿನಲ್ಲಿ. ಬೇಸ್ ಗಿಟಾರಿನ ಮೈಕ್ ಡರ್ನ್ಟ್ ಬಾಲ್ಯದ ಗೆಳೆಯ. ಡ್ರಮ್ಸ್‌ಗೆ ಟ್ರೇ ಕೂಲ್ 1990ರಲ್ಲಿ ಬಂದ. ಅವನ ತಂದೆ ಹಳೆಯ ಸಂಚಾರಿ ಗ್ರಂಥಾಲಯದ ಗಾಡಿಯೊಂದನ್ನು ರಿಪೇರಿ ಮಾಡಿ, ತಾನೇ ಚಾಲಕನಾಗಿ ಹುಡುಗರನ್ನು ಊರೂರು ಸುತ್ತಿಸಿದ. ಸ್ಥಳೀಯ ಪುಟ್ಟ ಲೇಬಲ್ ‘ಲುಕೌಟ್’ ಅವರ ಮೊದಲೆರಡು ಆಲ್ಬಂಗಳನ್ನು ತಂದಿತು. ಎರಡನೆಯದಾದ ‘ಕರ್ಪ್ಲಂಕ್’ ಜಾಹೀರಾತಿನ ಬಲವಿಲ್ಲದೆ, ಬಾಯಿಂದ ಬಾಯಿಗೆ ಹಬ್ಬಿ ಹತ್ತಾರು ಸಾವಿರ ಪ್ರತಿ ಹೋಯಿತು. ದೊಡ್ಡ ಕಂಪನಿಗಳ ಕಣ್ಣು ಬೀಳಲು ಅಷ್ಟು ಸಾಕಾಯಿತು. 1993ರಲ್ಲಿ ಅವರು ವಾರ್ನರ್ ಬಳಗದ ರಿಪ್ರೈಸ್ ಕಂಪನಿಗೆ ಸಹಿ ಹಾಕಿದರು.

ಬೇಸ್ ಮಾತಾಡುತ್ತದೆ

ನಿರ್ಮಾಪಕ ರಾಬ್ ಕವಲ್ಲೋ ಕಂಪನಿಯ ಉದ್ಯೋಗಿಯಾದರೂ ಹುಡುಗರ ಜೊತೆ ಕೂತು ಬೀಟಲ್ಸ್ ಹಾಡುಗಳನ್ನು ಗಿಟಾರಿನಲ್ಲಿ ನುಡಿಸಬಲ್ಲವನಾಗಿದ್ದ. ಅವರು ಅವನನ್ನು ನಂಬಿದ್ದು ಅದಕ್ಕೇ. ಧ್ವನಿಮುದ್ರಣ ನಡೆದದ್ದು ದೂರದ ಲಾಸ್ ಏಂಜಲೀಸ್‌ನಲ್ಲಲ್ಲ, ಬರ್ಕ್ಲಿಯದೇ ಫ್ಯಾಂಟಸಿ ಸ್ಟುಡಿಯೊದಲ್ಲಿ. ಸುಮಾರು ಮೂರು ವಾರದಲ್ಲಿ ಕೆಲಸ ಮುಗಿಯಿತು. ಬಿಲ್ಲಿ ಜೋ ಬಹುತೇಕ ಹಾಡುಗಳನ್ನು ಎರಡೇ ದಿನದಲ್ಲಿ ಹಾಡಿ ಮುಗಿಸಿದ. ಇದನ್ನು ಆತುರವೆಂದು ಎಣಿಸಬಾರದು. ವರ್ಷಗಟ್ಟಲೆ ಚಿಕ್ಕ ಚಿಕ್ಕ ವೇದಿಕೆಗಳಲ್ಲಿ ದುಡಿದ ತಂಡ ಸ್ಟುಡಿಯೊಗೆ ಬರುವಾಗ ಸಿದ್ಧವಾಗಿಯೇ ಬಂದಿತ್ತು. ಆದರೆ ಮೊದಲ ಮಿಕ್ಸ್ ಯಾರಿಗೂ ಹಿಡಿಸಲಿಲ್ಲ. ಜೆರ್ರಿ ಫಿನ್ ಹೊಸದಾಗಿ ಮಿಕ್ಸ್ ಮಾಡಿದ. ಆಮೇಲೆ ಬಂದ ಎಷ್ಟೋ ಪಾಪ್-ಪಂಕ್ ಆಲ್ಬಂಗಳು ಬೆನ್ನಟ್ಟಿದ್ದು ಆ ತೊಳೆದಿಟ್ಟಂಥ ನಾದವನ್ನೇ.

ಪಂಕ್ ಎಂದರೆ ವೇಗ, ಗದ್ದಲ, ಕೆಲವೇ ಕಾರ್ಡ್‌ಗಳು. ಪಾಪ್ ಎಂದರೆ ಒಮ್ಮೆ ಕೇಳಿದರೆ ಗುನುಗುವಂಥ ಧಾಟಿ. ಎರಡನ್ನೂ ಬೆಸೆದವರು ಗ್ರೀನ್ ಡೇಗಿಂತ ಮೊದಲೇ ಇದ್ದರು: ನ್ಯೂಯಾರ್ಕಿನ ರಮೋನ್ಸ್, ಇಂಗ್ಲೆಂಡಿನ ಬಜ್‌ಕಾಕ್ಸ್. ‘ಡೂಕಿ’ಯ ಹೆಚ್ಚುಗಾರಿಕೆ ಮೂರು ವಾದ್ಯಗಳು ಕೆಲಸ ಹಂಚಿಕೊಂಡ ಬಗೆಯಲ್ಲಿದೆ. ಗಿಟಾರ್ ಒಂದೇ ಹಟದಲ್ಲಿ ಗೋಡೆ ಕಟ್ಟುತ್ತ ಹೋಗುತ್ತದೆ. ರಾಗದ ಕುಸುರಿಯನ್ನೆಲ್ಲ ಬೇಸ್ ವಹಿಸಿಕೊಳ್ಳುತ್ತದೆ. ‘ಲಾಂಗ್‌ವ್ಯೂ’ ಕೇಳಿ. ಚರಣದ ಉದ್ದಕ್ಕೂ ಗಿಟಾರ್ ಮೌನ. ಬೇಸ್ ಮತ್ತು ಡ್ರಮ್ಸ್ ಮಾತ್ರ ಕಾಲೆಳೆಯುತ್ತ ನಡೆಯುತ್ತವೆ. ಹಾಡಿನ ವಿಷಯವೂ ಅದೇ: ಕೆಲಸವಿಲ್ಲ, ಹುಡುಗಿಯಿಲ್ಲ, ಟಿವಿ ಮುಂದೆ ಸೋಫಾ ಬಿಟ್ಟೇಳಲು ಮನಸ್ಸಿಲ್ಲ. ಪಲ್ಲವಿಗೆ ಬಂದೊಡನೆ ಗಿಟಾರ್ ಸಿಡಿಯುತ್ತದೆ. ಬೇಸರವನ್ನು ಬೇಸರ ಬಾರದಂತೆ ಹಾಡುವುದು ಕಷ್ಟದ ವಿದ್ಯೆ. ಇಪ್ಪತ್ತೊಂದರ ಹರೆಯದಲ್ಲಿ ಇವರಿಗೆ ಅದು ಸಿದ್ಧಿಸಿತ್ತು.

ನನ್ನ ಮಟ್ಟಿಗೆ ಆಲ್ಬಮ್ಮಿನ ಹೃದಯ ‘ಬಾಸ್ಕೆಟ್ ಕೇಸ್’. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಹುಚ್ಚು ಹಿಡಿಯುತ್ತಿದೆಯೇನೋ ಎಂಬ ಭಯ ಬಿಲ್ಲಿ ಜೋನನ್ನು ಕಾಡುತ್ತಿದ್ದವು. ಅದು ಪ್ಯಾನಿಕ್ ಡಿಸಾರ್ಡರ್ ಎಂದು ವೈದ್ಯರಿಂದ ಗೊತ್ತಾದದ್ದು ಎಷ್ಟೋ ಕಾಲದ ನಂತರ. ಅಲ್ಲಿಯವರೆಗೆ ಅವನಿಗಿದ್ದ ದಾರಿ ಹಾಡು ಬರೆಯುವುದೊಂದೇ. ವಿಡಿಯೊವನ್ನು ಕ್ಯಾಲಿಫೋರ್ನಿಯಾದ ಪಾಳುಬಿದ್ದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿ, ಆಮೇಲೆ ಕಣ್ಣು ಕುಕ್ಕುವ ಬಣ್ಣ ತುಂಬಿದರು. ಮನಸ್ಸಿನ ಕಾಯಿಲೆಯ ಬಗ್ಗೆ ಹುಡುಗರು ಬಾಯಿಬಿಡದಿದ್ದ ಕಾಲದಲ್ಲಿ, ಸಾವಿರಾರು ಹುಡುಗರು ಒಟ್ಟಾಗಿ ಕುಣಿಯುತ್ತ ತಮ್ಮ ಭಯವನ್ನು ಕೂಗಿ ಹೇಳುವಂತೆ ಮಾಡಿದ ಹಾಡು ಇದು. ಅದೇ ಆಲ್ಬಮ್ಮಿನ ‘ಕಮಿಂಗ್ ಕ್ಲೀನ್’ನಲ್ಲಿ ಅವನು ತನ್ನ ಲೈಂಗಿಕತೆಯ ಗೊಂದಲವನ್ನು ಬರೆದ, ಮರುವರ್ಷ ತಾನು ದ್ವಿಲಿಂಗಿ ಎಂದು ಪತ್ರಿಕೆಗೆ ಬಹಿರಂಗವಾಗಿ ಹೇಳಿದ. 1994ರ ಪ್ರವಾಸದಲ್ಲಿ ಸಲಿಂಗಿ ಕಲಾವಿದರ ಬ್ಯಾಂಡ್ ‘ಪ್ಯಾನ್ಸಿ ಡಿವಿಷನ್’ ಅವರಿಗಿಂತ ಮೊದಲು ವೇದಿಕೆ ಏರುತ್ತಿತ್ತು. ಗಿಲ್ಮನ್ ಕಲಿಸಿದ ಪಾಠವನ್ನು ಅವರು ದೊಡ್ಡ ಸಭಾಂಗಣಗಳಿಗೂ ಹೊತ್ತೊಯ್ದರು.

ಕೆಸರು ಮತ್ತು ಕೀರ್ತಿ

ಮುಖಪುಟವನ್ನು ಬಿಡಿಸಿದವನು ಊರಿನವನೇ ಆದ ರಿಚಿ ಬುಚರ್. ಬರ್ಕ್ಲಿಯ ಬೀದಿಯ ಮೇಲೆ ವಿಮಾನಗಳು ಬಾಂಬು ಸುರಿಯುವ ಗಿಜಿಗುಡುವ ವ್ಯಂಗ್ಯಚಿತ್ರ ಅದು. ಆಲ್ಬಂ ಬಂದೊಡನೆ ಸಿಡಿಯಲಿಲ್ಲ. ‘ಲಾಂಗ್‌ವ್ಯೂ’ ಎಂಟಿವಿಯಲ್ಲಿ ಓಡಲಾರಂಭಿಸಿದ ಮೇಲೆ ಮೆಲ್ಲಗೆ ಏರಿ ಬಿಲ್‌ಬೋರ್ಡ್ 200 ಪಟ್ಟಿಯ 2ನೇ ಸ್ಥಾನ ಮುಟ್ಟಿತು. ಆ ಏಪ್ರಿಲ್‌ನಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ತೀರಿಕೊಂಡಿದ್ದ, ಅಮೆರಿಕದ ರಾಕ್ ಲೋಕ ಶೋಕದಲ್ಲಿತ್ತು. ಅದೇ ತಿಂಗಳು ಆಫ್‌ಸ್ಪ್ರಿಂಗ್ ಬ್ಯಾಂಡಿನ ‘ಸ್ಮ್ಯಾಶ್’ ಕೂಡ ಬಂತು. ಆ ಬೇಸಿಗೆ ಪಾಪ್-ಪಂಕ್‌ನದಾಯಿತು.

ಆಗಸ್ಟ್ 14ರಂದು ವುಡ್‌ಸ್ಟಾಕ್ ’94 ಉತ್ಸವದಲ್ಲಿ ಜನ ಕೆಸರಿನ ಮುದ್ದೆಗಳನ್ನು ವೇದಿಕೆಗೆ ಎಸೆದರು, ಬ್ಯಾಂಡು ತಿರುಗಿ ಎಸೆಯಿತು. ಕೆಸರು ಮೆತ್ತಿದ ಮೈಕ್‌ನನ್ನು ಅಭಿಮಾನಿಯೆಂದು ತಿಳಿದ ಭದ್ರತಾ ಸಿಬ್ಬಂದಿ ಕೆಡವಿಕೊಂಡಾಗ ಅವನ ಹಲ್ಲಿಗೆ ಪೆಟ್ಟಾಯಿತು. ಸೆಪ್ಟೆಂಬರ್ 9ರಂದು ಬಾಸ್ಟನ್ ನದಿದಂಡೆಯ ಉಚಿತ ಕಾರ್ಯಕ್ರಮಕ್ಕೆ ಸುಮಾರು 70,000 ಜನ ನುಗ್ಗಿ, ಕೆಲವೇ ಹಾಡುಗಳಿಗೆ ನಿಲ್ಲಿಸಬೇಕಾಯಿತು. ಮರುವರ್ಷ ಪರ್ಯಾಯ ಸಂಗೀತದ ಗ್ರ್ಯಾಮಿ ಬಂತು.

ಅತ್ತ ಗಿಲ್ಮನ್‌ನ ಗೋಡೆಯ ಮೇಲೆ ಬಿಲ್ಲಿ ಜೋ ಸಾಯಬೇಕು ಎಂಬ ಬರಹ ಬಿದ್ದಿತ್ತು. ಗಿಲ್ಮನ್ ಕಟ್ಟಿದವರಲ್ಲಿ ಒಬ್ಬನಾದ ಟಿಮ್ ಯೊಹಾನನ್ ತನ್ನ ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ಪತ್ರಿಕೆಯಲ್ಲಿ ದೊಡ್ಡ ಕಂಪನಿಗಳ ವಿರುದ್ಧ ಸಮರವನ್ನೇ ಸಾರಿದ. ಮುಂದಿನ ಆಲ್ಬಂ ‘ಇನ್ಸೋಮ್ನಿಯಾಕ್’ನ ಒಂದು ಹಾಡು ಗಿಲ್ಮನ್ ಬಾಗಿಲು ಮುಚ್ಚಿದ ನೋವಿನಿಂದಲೇ ಹುಟ್ಟಿತು.

ಗಿಲ್ಮನ್‌ನವರ ಸಿಟ್ಟನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಣದ ಮುಂದೆ ಬಾಗದೆ ಇದ್ದುದರಿಂದಲೇ ಆ ಜಾಗ ಉಳಿದಿತ್ತು. ಅದು ಉಳಿದಿದ್ದರಿಂದಲೇ ಹದಿಹರೆಯದ ಬಿಲ್ಲಿ ಜೋಗೆ ವೇದಿಕೆ ಸಿಕ್ಕಿತ್ತು. ಆದರೆ ಗ್ರೀನ್ ಡೇ ತನ್ನನ್ನು ಮಾರಿಕೊಂಡಿತು ಎಂಬ ಆರೋಪವೂ ಆಲ್ಬಂ ಕೇಳಿದವರ ಮುಂದೆ ನಿಲ್ಲುವುದಿಲ್ಲ. ‘ಕರ್ಪ್ಲಂಕ್’ನ ‘ವೆಲ್‌ಕಮ್ ಟು ಪ್ಯಾರಡೈಸ್’ ಹಾಡನ್ನೇ ಅವರು ‘ಡೂಕಿ’ಗೆ ಮತ್ತೆ ಮುದ್ರಿಸಿದರು. ಎರಡನ್ನೂ ಕೇಳಿ ನೋಡಿ: ನಾದ ತಿಳಿಯಾಗಿದೆ, ಹುಡುಗ ಬದಲಾಗಿಲ್ಲ. ಸಣ್ಣ ಲೇಬಲ್ಲುಗಳೆಲ್ಲ ನ್ಯಾಯದ ತಕ್ಕಡಿಗಳೂ ಅಲ್ಲ. ರಾಯಲ್ಟಿ ಬಾಕಿ ಉಳಿಸಿಕೊಂಡ ಕಾರಣಕ್ಕೆ 2005ರಲ್ಲಿ ಗ್ರೀನ್ ಡೇ ತನ್ನ ಹಳೆಯ ಆಲ್ಬಂಗಳನ್ನು ಲುಕೌಟ್‌ನಿಂದ ವಾಪಸ್ ಪಡೆಯಿತು.

ಬ್ಯಾಂಡಿಗೆ ಗಿಲ್ಮನ್ ಬಾಗಿಲು ಮತ್ತೆ ತೆರೆದದ್ದು 2015ರ ಮೇ ತಿಂಗಳಲ್ಲಿ, ಬೆಂಕಿಗೆ ಸಿಕ್ಕಿ ನಷ್ಟವಾದ ಪ್ರಕಾಶನ ಸಂಸ್ಥೆಯೊಂದರ ನೆರವಿಗಾಗಿ ನಡೆದ ಕಾರ್ಯಕ್ರಮದಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ್ದೂ ಅದೇ ವರ್ಷ. 2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ಡೂಕಿ’ಯನ್ನು ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಆರಿಸಿತು. ಅಮೆರಿಕ ಒಂದರಲ್ಲೇ ಎರಡು ಕೋಟಿ ಪ್ರತಿಗಳ ಪ್ರಮಾಣಪತ್ರ ದೊರೆತದ್ದೂ ಅದೇ ವರ್ಷ. ಭಾರತದ ಅಭಿಮಾನಿಗಳು ಇನ್ನಷ್ಟು ಕಾಯಬೇಕಾಯಿತು: 2025ರ ಮಾರ್ಚ್‌ನಲ್ಲಿ ಮುಂಬೈನ ಲೊಲ್ಲಾಪಲೂಜಾ ಉತ್ಸವದಲ್ಲಿ ಗ್ರೀನ್ ಡೇ ಮೊದಲ ಬಾರಿ ಇಲ್ಲಿ ನುಡಿಸಿತು.

ಇನ್ನೂ ಕೇಳದವರಿಗೆ ಒಂದು ಮಾತು. ಬಿಡಿ ಹಾಡುಗಳನ್ನು ಆರಿಸಿಕೊಳ್ಳಬೇಡಿ. ‘ಬರ್ನೌಟ್’ನಿಂದ ಶುರು ಮಾಡಿ ಕ್ರಮ ತಪ್ಪಿಸದೆ ಕೊನೆಯವರೆಗೂ ಕೇಳಿ. ಫೋನಿನ ಸ್ಪೀಕರ್ ಬೇಡ, ಒಳ್ಳೆಯ ಹೆಡ್‌ಫೋನ್ ಇರಲಿ. ಇಲ್ಲದಿದ್ದರೆ ಮೈಕ್‌ನ ಬೇಸ್ ಕಳೆದುಹೋಗುತ್ತದೆ. ಇಡೀ ಆಲ್ಬಂ 40 ನಿಮಿಷಕ್ಕೂ ಕಡಿಮೆ.